ಮ್ಯಾಗಜೀನ್ ತೆಗೆದ ಮಾತ್ರಕ್ಕೆ ಪಿಸ್ತೂಲು ಖಾಲಿಯಾಗದು

ಚುನಾವಣೆ ಘೋಷಣೆಯಾದೊಡನೆ ಪರವಾನಗಿಯ ಆಯುಧಗಳನ್ನು ಠೇವಣಿ ಇಡಿಸಿಕೊಳ್ಳುವ ಕೆಲಸ ಶುರುವಾಗುತ್ತದೆ. ಆಗ ಸಿರುಗುಪ್ಪ, ಸಂಡೂರಿನ ಕಡೆಯಿಂದ ಬಳ್ಳಾರಿಯ ನಮ್ಮ ಬಂದೂಕಿನ ಅಂಗಡಿಗೆ ಬರುವವರಲ್ಲಿ ಹಲವರು ಪಿಸ್ತೂಲಿನ ಮ್ಯಾಗಜೀನ್ (ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿ) ಕಳಚಿ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, "ಖಾಲಿ ಐತ್ರಿ ಸಾರ್" ಎನ್ನುತ್ತಾರೆ. ಪೊಲೀಸ್ ಆಯುಧಾಗಾರದಲ್ಲಿ ವರ್ಷಗಟ್ಟಲೆ ದುರಸ್ತಿ ಕೆಲಸ ಮಾಡಿ ಬಂದ ನನಗೆ ಇಷ್ಟು ಸಿಟ್ಟು ತರಿಸುವ ಮಾತು ಇನ್ನೊಂದಿಲ್ಲ.

ನಾನು ಕೆಲಸ ಕಲಿತದ್ದು ಹಳೆಯ ಮಿಲಿಟರಿ ರಿವಾಲ್ವರುಗಳ ಮೇಲೆ. 1887ರಲ್ಲಿ ಬ್ರಿಟಿಷ್ ಸೇನೆ ಒಪ್ಪಿಕೊಂಡ ವೆಬ್ಲಿ ರಿವಾಲ್ವರಿನ ಆರನೆಯ ಮಾದರಿ 1915ರಲ್ಲಿ ಬಂತು; .455 ಬೋರು (ನಳಿಗೆಯ ಅಳತೆ), ಆರು ಗುಂಡು, ಒಂದು ಕಿಲೋ ಮೀರಿದ ತೂಕ. ಹೆಬ್ಬೆರಳಿನಿಂದ ಪಕ್ಕದ ಸನ್ನೆಗೋಲನ್ನು ಒತ್ತಿ ನಳಿಗೆಯನ್ನು ಕೆಳಕ್ಕೆ ಮಡಿಸಿದರೆ, ಗುಂಡುಗಳನ್ನು ಹಿಡಿದಿರುವ ಸಿಲಿಂಡರಿನ ನಡುವಿನಿಂದ ನಕ್ಷತ್ರದಾಕಾರದ ತುಂಡು ಮೇಲೆದ್ದು ಆರೂ ಕಾಡತೂಸುಗಳನ್ನು ಒಟ್ಟಿಗೆ ಹೊರದಬ್ಬುತ್ತದೆ. ಆರು ರಂಧ್ರಗಳಲ್ಲಿ ಬೆಳಕು ಕಂಡರೆ ಖಾಲಿ. ಅದಕ್ಕೆ ಇನ್ನೊಬ್ಬರ ಸಾಕ್ಷಿ ಬೇಕಿಲ್ಲ. ಕಾನ್ಪುರದ ಕಾರ್ಖಾನೆಯಲ್ಲಿ ತಯಾರಾಗುವ .32 ರಿವಾಲ್ವರ್ ಕೂಡ ಹೀಗೆಯೇ ಮಡಚಿ ತೆರೆದುಕೊಳ್ಳುತ್ತದೆ.

ಪಿಸ್ತೂಲಿನ ಒಳಗು ಹೀಗೆ ತೆರೆದು ತೋರಿಸುವಂಥದ್ದಲ್ಲ. 1982ರಲ್ಲಿ ಆಸ್ಟ್ರಿಯಾದ ಸೇನೆ ಆರಿಸಿಕೊಂಡ ಗ್ಲಾಕ್ 17 ಆ ವೆಬ್ಲಿಗಿಂತ ಬಹಳ ಹಗುರ, ಮ್ಯಾಗಜೀನಿನಲ್ಲಿ 17 ಗುಂಡು ಹಿಡಿಸುತ್ತದೆ. ಗುಂಡು ಹಾರಿದ ರಭಸಕ್ಕೆ ಮೇಲಿನ ಜಾರುವ ಭಾಗವಾದ ಸ್ಲೈಡ್ ಹಿಂದೆ ಸರಿದು ಕಾಡತೂಸಿನ ಖಾಲಿ ಕೋಶವನ್ನು ಎಸೆಯುತ್ತದೆ, ಮುಂದೆ ಬರುವಾಗ ಮ್ಯಾಗಜೀನಿನ ಮೇಲ್ತುದಿಯ ಕಾಡತೂಸನ್ನು ನಳಿಗೆಯ ಬುಡದ ಗೂಡಿಗೆ, ಅಂದರೆ ಚೇಂಬರಿಗೆ, ತಳ್ಳುತ್ತದೆ. ಚೇಂಬರು ಸೇರಿದ ಆ ಕಾಡತೂಸಿಗೆ ಮ್ಯಾಗಜೀನಿನ ಸಂಬಂಧ ಅಲ್ಲಿಗೆ ಮುಗಿಯಿತು; ನೀವು ಮ್ಯಾಗಜೀನ್ ತೆಗೆದು ಬೀರುವಿನಲ್ಲಿಟ್ಟರೂ ಅದು ನಳಿಗೆಯ ಬುಡದಲ್ಲಿಯೇ ಕೂತಿರುತ್ತದೆ, ಟ್ರಿಗರ್ ಒತ್ತಿದರೆ ಹಾರುತ್ತದೆ. ಮ್ಯಾಗಜೀನ್ ಇಲ್ಲದಿದ್ದರೆ ಟ್ರಿಗರ್ ಕೆಲಸ ಮಾಡದಂತೆ ತಡೆಯುವ ಏರ್ಪಾಡು ಬ್ರೌನಿಂಗ್ ಹೈ-ಪವರಿನಂತಹ ಕೆಲವು ಮಾದರಿಗಳಲ್ಲಿದೆ, ಗ್ಲಾಕಿನಲ್ಲಿಲ್ಲ. ಇದ್ದರೂ ಹಳತಾದ ಬಿಡಿಭಾಗವನ್ನು ನಂಬಿ ಎಂದು ನಾನಂತೂ ಹೇಳಲಾರೆ.

ಆದ್ದರಿಂದ ನಳಿಗೆಯನ್ನು ಮರಳಿನ ಬಕೆಟ್ಟಿನ ಕಡೆ ತಿರುಗಿಸಿ, ಟ್ರಿಗರಿನಿಂದ ಬೆರಳು ದೂರವಿಟ್ಟು, ಮೊದಲು ಮ್ಯಾಗಜೀನ್ ತೆಗೆಯಬೇಕು. ಆಮೇಲೆ ಸ್ಲೈಡನ್ನು ಪೂರ್ತಿ ಹಿಂದಕ್ಕೆಳೆದು ಹಿಡಿದು, ಚೇಂಬರನ್ನು ಕಣ್ಣಿನಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿಯೂ ನೋಡಬೇಕು. ಹಿಂದುಮುಂದಾಗಿ, ಮ್ಯಾಗಜೀನ್ ಇರುವಾಗಲೇ ಸ್ಲೈಡ್ ಎಳೆದುಬಿಟ್ಟರೆ ಒಂದು ಕಾಡತೂಸು ಹೊರಬಿದ್ದು ಅದರ ಜಾಗಕ್ಕೆ ಮತ್ತೊಂದು ಬರುತ್ತದೆ. ಬಿದ್ದದ್ದನ್ನು ಕಂಡು ನೆಮ್ಮದಿಪಡುವವರೇ ಹೆಚ್ಚು ಅಪಾಯದಲ್ಲಿರುವವರು.



ಕಳೆದ ಸಲ ಸಿರುಗುಪ್ಪದ ಕಡೆಯ ತಂದೆ-ಮಗ ಒಟ್ಟಿಗೆ ಬಂದಿದ್ದರು. ಮಗ ತನ್ನ ಪಿಸ್ತೂಲನ್ನು ಮೇಜಿನ ಮೇಲಿಟ್ಟು, ಕಾಡತೂಸುಗಳನ್ನು ತಾನೇ ಎಣಿಸಿ "ಹತ್ತೊಂಬತ್ತು" ಎಂದು ಬರೆಸಿದರು. ಹಿರಿಯರು ಮಾತಾಡದೆ ತಮ್ಮ .32 ರಿವಾಲ್ವರನ್ನು ಮಡಚಿ, ಖಾಲಿ ಸಿಲಿಂಡರನ್ನು ನನ್ನ ಕಡೆಗೆ ತಿರುಗಿಸಿ ಹಿಡಿದರು. ನಾನು ಬಕೆಟ್ಟಿನ ಕಡೆ ತಿರುಗಿ ಮಗನ ಪಿಸ್ತೂಲಿನ ಸ್ಲೈಡ್ ಎಳೆದೆ. ಹಿತ್ತಾಳೆಯ ಕಾಡತೂಸೊಂದು ಹಾರಿ ಬಿದ್ದು, ಉರುಳಿಕೊಂಡು ಹೋಗಿ ಹಿರಿಯರ ಚಪ್ಪಲಿಗೆ ತಾಗಿ ನಿಂತಿತು. ಅವರು ಬಗ್ಗಿ ಅದನ್ನೆತ್ತಿ, ಮಗನಿಗೆ ಕೊಡದೆ ನನ್ನ ಕೈಗೇ ಕೊಟ್ಟರು. ರಸೀದಿಯಲ್ಲಿ ಹತ್ತೊಂಬತ್ತನ್ನು ಹೊಡೆದು ಇಪ್ಪತ್ತು ಎಂದು ತಿದ್ದಿ, ಪಕ್ಕದಲ್ಲಿ ಮಗನ ಸಹಿ ಹಾಕಿಸಿಕೊಂಡೆ.