ದಾಸವಾಳದ ಕೇಸರಕ್ಕೆ ಯಾವ ಅಪರ್ಚರ್?

ಹೂವಿನ ಕ್ಲೋಸ್‌ಅಪ್ ಕಲಿಯಲು ಬರುವವರು ನನ್ನನ್ನು ಮೊದಲು ಕೇಳುವುದು ಒಂದೇ ಮಾತು: "ಸರ್, ಎಫ್ ನಂಬರ್ ಎಷ್ಟಿಡಲಿ?" ಲೆನ್ಸಿನೊಳಗೆ ಬೆಳಕು ಹೋಗುವ ತೂತೇ ಅಪರ್ಚರ್, ಅದರ ಅಳತೆ ಹೇಳುವುದು ಎಫ್ ನಂಬರ್; ನಂಬರ್ ದೊಡ್ಡದಾದಷ್ಟೂ ತೂತು ಚಿಕ್ಕದು. ನಾನು ತಿರುಗಿ ಕೇಳುತ್ತೇನೆ: "ಹೂವಿನಲ್ಲಿ ಯಾವುದು ಶಾರ್ಪ್ ಆಗಿರಬೇಕು?" ಬಹಳ ಜನ "ಪೂರ್ತಿ ಹೂವು" ಅನ್ನುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿ.

ದಾಸವಾಳವನ್ನೇ ತಗೊಳ್ಳಿ. ಎಸಳು ಹಿಂದಕ್ಕೆ ಬಿಚ್ಚಿಕೊಂಡಿರುತ್ತವೆ. ನಡುವಿನಿಂದ ಕೇಸರದ ಕೋಲು ನೇರ ನಿಮ್ಮ ಕಡೆಗೇ ಚಾಚಿಕೊಂಡಿರುತ್ತದೆ. ಅದರ ತುದಿಯಲ್ಲಿ ಮಖಮಲ್ಲಿನಂಥ ಐದು ಪುಟ್ಟ ಗುಂಡುತಲೆಗಳು, ಸ್ವಲ್ಪ ಕೆಳಗೆ ಹಳದಿ ಪರಾಗದ ಗೊಂಚಲು. ಆ ತುದಿಗೂ ಎಸಳಿನ ಬುಡಕ್ಕೂ ನಡುವೆ ಐದಾರು ಸೆಂಟಿಮೀಟರ್ ಅಂತರ ಸಾಮಾನ್ಯ.

ಈಗ ಲೆಕ್ಕ ಹಾಕೋಣ. ಚಿತ್ರ ಹಿಡಿಯುವ ಸೆನ್ಸರ್ 36×24 ಮಿಲಿಮೀಟರ್ ಇರುವ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಇಡೀ ಹೂವು ತುಂಬುವ ಹಾಗೆ, ಅಂದರೆ ಸೆನ್ಸರ್ ಮೇಲೆ ಹೂವು ತನ್ನ ಅಳತೆಯ ಕಾಲು ಭಾಗ ಬೀಳುವ ಹಾಗೆ ತೆಗೆದರೆ, ಎಫ್/8ರಲ್ಲಿ ಶಾರ್ಪ್ ಆಗಿ ಸಿಗುವುದು ಸುಮಾರು 1 ಸೆಂಟಿಮೀಟರ್ ಆಳ ಮಾತ್ರ. ಎಫ್/16ಕ್ಕೆ ಹೋದರೆ 2 ಸೆಂಟಿಮೀಟರ್. ಇನ್ನೂ ಹತ್ತಿರ ಹೋಗಿ 1:1ಕ್ಕೆ, ಅಂದರೆ ಸೆನ್ಸರ್ ಮೇಲೆ ನಿಜ ಅಳತೆಯಲ್ಲೇ ಬೀಳುವ ಹಾಗೆ ಬಂದರೆ ಎಫ್/8ರಲ್ಲಿ ಸಿಗುವುದು ಬರೀ 1 ಮಿಲಿಮೀಟರ್, ಎಫ್/16ರಲ್ಲಿ 2 ಮಿಲಿಮೀಟರ್. ಐದಾರು ಸೆಂಟಿಮೀಟರ್ ಎಲ್ಲಿ, ಇದೆಲ್ಲಿ? ಎದುರಿನಿಂದ ನಿಂತು ತೆಗೆದರೆ ಯಾವ ಅಪರ್ಚರ್ ಇಟ್ಟರೂ ತುದಿ ಮತ್ತು ಬುಡ ಎರಡೂ ಸಿಗುವುದಿಲ್ಲ.

ಹಾಗಾದರೆ ಏನು ಮಾಡುವುದು? ಪಕ್ಕಕ್ಕೆ ಬನ್ನಿ. ಕೋಲು ಸೆನ್ಸರಿಗೆ ಸಮಾನಾಂತರವಾಗಿ ಅಡ್ಡ ಬರುವ ಹಾಗೆ ನಿಂತುಕೊಳ್ಳಿ. ಕೋಲಿನ ದಪ್ಪ ಕೆಲವೇ ಮಿಲಿಮೀಟರ್, ಹಾಗಾಗಿ ಸಿಗುವ ಆ 1 ಸೆಂಟಿಮೀಟರಿನಲ್ಲಿ ಬುಡದಿಂದ ತುದಿಯವರೆಗೆ ಇಡೀ ಕೋಲು, ಪರಾಗದ ಪ್ರತಿ ಕಾಳಿನ ಸಮೇತ, ಆರಾಮಾಗಿ ಕೂರುತ್ತದೆ. ಎಫ್/8 ಸಾಕು. ನಂಬರ್ ಬದಲಿಸಲೇ ಇಲ್ಲ ನೋಡಿ, ನಿಂತ ಜಾಗ ಬದಲಾಯಿತು ಅಷ್ಟೆ. ಜರ್ಬೆರಾ, ಡೇಲಿಯಾದಂಥ ಚಪ್ಪಟೆ ಮುಖದ ಹೂವಾದರೆ ಲೆಕ್ಕ ಉಲ್ಟಾ: ಎದುರಿನಿಂದ ತೆಗೆದರೇ ಹೆಚ್ಚು ಭಾಗ ಶಾರ್ಪ್ ಬರುತ್ತದೆ.

"ಹಾಗಾದ್ರೆ ಎಫ್/32 ಇಟ್ಟುಬಿಡೋಣ ಅಲ್ವಾ?" ಅಂತ ಕೇಳುವವರಿದ್ದಾರೆ. ನಾನೂ ಶುರುವಿನಲ್ಲಿ ಅದನ್ನೇ ಮಾಡುತ್ತಿದ್ದೆ. ಒಂದಿಡೀ ಬೆಳಿಗ್ಗೆ ಕಮಲದ ಮೊಗ್ಗುಗಳನ್ನು ಟ್ರೈಪಾಡ್ ಹಾಕಿ, ಉಸಿರು ಬಿಗಿಹಿಡಿದು ತೆಗೆದೆ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ಎಲ್ಲಾ ಫೋಟೊಗಳ ಮೇಲೂ ತೆಳ್ಳಗೆ ಮಂಜು ಕೂತ ಹಾಗಿತ್ತು. ಎಸಳಿನ ನರಗಳು ಇವೆ, ಆದರೆ ಚುರುಕಿಲ್ಲ. ಲೆನ್ಸೇ ಕೆಟ್ಟಿದೆ ಅಂದುಕೊಂಡು ರಿಪೇರಿಗೆ ಕೊಟ್ಟೆ, ಏನೂ ದೋಷವಿಲ್ಲ ಅಂತ ವಾಪಸ್ ಬಂತು. ದೋಷ ಇದ್ದದ್ದು ನಾನು ಇಟ್ಟ ನಂಬರಿನಲ್ಲಿ. ಅಪರ್ಚರ್ ತೂತು ತೀರಾ ಚಿಕ್ಕದಾದಾಗ ಬೆಳಕು ಅದರ ಅಂಚಿನಲ್ಲಿ ಬಾಗಿ ಹರಡಿಕೊಳ್ಳುತ್ತದೆ. ಇದನ್ನೇ ಡಿಫ್ರಾಕ್ಷನ್ ಅನ್ನುವುದು. ಶಾರ್ಪ್ ಇರುವ ಆಳ ಹೆಚ್ಚುತ್ತದೆ, ಆದರೆ ಚಿತ್ರ ಪೂರ್ತಿ ಮೆತ್ತಗಾಗುತ್ತದೆ.

ಕ್ಲೋಸ್‌ಅಪ್‌ನಲ್ಲಿ ಇದು ಇನ್ನೂ ಬೇಗ ಕಾಡುತ್ತದೆ. 1:1ರಲ್ಲಿ ನೀವು ಇಟ್ಟ ನಂಬರ್ ಸುಮಾರು ದುಪ್ಪಟ್ಟಾಗಿ ಕೆಲಸ ಮಾಡುತ್ತದೆ. ಎಫ್/8 ಅಂದರೆ ನಿಜದಲ್ಲಿ ಎಫ್/16, ಎಫ್/16 ಅಂದರೆ ಎಫ್/32. ಬೆಳಕೂ ಎರಡು ಸ್ಟಾಪ್ ಕಮ್ಮಿ, ಅಂದರೆ ಕಾಲು ಭಾಗವಷ್ಟೇ. ನಿಕಾನ್ ಕ್ಯಾಮೆರಾಗಳು ತಮ್ಮ ಮ್ಯಾಕ್ರೋ ಲೆನ್ಸ್ (ತೀರಾ ಹತ್ತಿರದಿಂದ ತೆಗೆಯಲೆಂದೇ ಮಾಡಿದ್ದು) ಹಾಕಿದಾಗ ಹತ್ತಿರ ಹೋದಂತೆ ಈ ಬದಲಾದ ನಂಬರನ್ನೇ ತೋರಿಸುತ್ತವೆ, ಕ್ಯಾನನ್ ನೀವು ಇಟ್ಟಿದ್ದನ್ನೇ ತೋರಿಸುತ್ತದೆ. ಅದಕ್ಕೇ ಸ್ನೇಹಿತರ ನಂಬರ್ ಕೇಳಿಕೊಂಡು ಹಾಗೇ ಇಡಬೇಡಿ.

ನಾನು ಇಡುವುದು ಹೀಗೆ: ಇಡೀ ಹೂವಾದರೆ ಎಫ್/8ರಿಂದ ಎಫ್/11, 1:1ರ ಹತ್ತಿರ ಎಫ್/5.6ರಿಂದ ಎಫ್/8. ಎಸಳಿನ ಒಂದು ಅಂಚು, ಒಂದು ಹನಿ, ಇಷ್ಟೇ ಸಾಕು ಉಳಿದದ್ದೆಲ್ಲ ಬಣ್ಣವಾಗಿ ಕರಗಲಿ ಅನ್ನಿಸಿದಾಗ ಎಫ್/2.8 ಅಥವಾ ಎಫ್/4. ಮೊದಲ ಫೋಟೊ ಆದ ಮೇಲೆ ಹೂವು ಬಿಟ್ಟು ಹಿನ್ನೆಲೆ ನೋಡಿ. ಎಫ್/4ರಲ್ಲಿ ಹಸಿರು ಮಬ್ಬಾಗಿದ್ದ ಜಾಗದಲ್ಲಿ ಎಫ್/11ಕ್ಕೆ ಒಣಕಡ್ಡಿಯೊಂದು ಎದ್ದು ಕಾಣುತ್ತಿರಬಹುದು. ಒಳಗೆ ಕನ್ನಡಿ ಇರುವ ಡಿಎಸ್‌ಎಲ್‌ಆರ್ ಕ್ಯಾಮೆರಾದ ವ್ಯೂಫೈಂಡರ್‌ನಲ್ಲಿ (ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ) ಅದು ಮೊದಲೇ ಕಾಣುವುದಿಲ್ಲ, ಯಾಕೆಂದರೆ ನೀವು ನೋಡುವಾಗ ಅಪರ್ಚರ್ ಪೂರ್ತಿ ತೆರೆದಿರುತ್ತದೆ. ಡೆಪ್ತ್ ಆಫ್ ಫೀಲ್ಡ್ ಪ್ರಿವ್ಯೂ ಬಟನ್ (ನೀವು ಇಟ್ಟ ನಂಬರಿಗೆ ಅಪರ್ಚರ್ ಕಿರಿದು ಮಾಡಿ ತೋರಿಸುವುದು) ಇದ್ದರೆ ಒತ್ತಿ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಇನ್ನು ಲೆನ್ಸ್. ಉದ್ದದ ಲೆನ್ಸ್, ಅಂದರೆ ಎಂಎಂ (ಫೋಕಲ್ ಲೆಂತ್) ಹೆಚ್ಚಿರುವುದನ್ನು ಹಾಕಿದರೆ ಶಾರ್ಪ್ ಇರುವ ಆಳ ಕಮ್ಮಿಯಾಗುತ್ತದೆ ಅನ್ನುವ ನಂಬಿಕೆ ಇದೆ. ಕ್ಲೋಸ್‌ಅಪ್‌ನಲ್ಲಿ ಹೂವನ್ನು ಅಷ್ಟೇ ದೊಡ್ಡದಾಗಿ, ಅದೇ ಎಫ್ ನಂಬರಿನಲ್ಲಿ ತೆಗೆದರೆ 60 ಎಂಎಂ ಆಗಲಿ 180 ಎಂಎಂ ಆಗಲಿ ಆ ಆಳ ಹೆಚ್ಚುಕಮ್ಮಿ ಒಂದೇ. ಬದಲಾಗುವುದು ಎರಡು. ಒಂದು, ಹೂವಿಗೂ ಲೆನ್ಸಿನ ಮೂತಿಗೂ ಇರುವ ದೂರ. 1:1ರಲ್ಲಿ 60 ಎಂಎಂ ಲೆನ್ಸಿಗೆ ಸುಮಾರು ಒಂದು ಗೇಣಿಗಿಂತ ಕಮ್ಮಿ ಜಾಗ ಸಿಗುತ್ತದೆ, ನಿಮ್ಮ ನೆರಳೇ ಹೂವಿನ ಮೇಲೆ ಬೀಳಬಹುದು. 180 ಎಂಎಂ ಆದರೆ ಒಂದು ಗೇಣಿಗೂ ಜಾಸ್ತಿ. ಎರಡನೆಯದು ಹಿನ್ನೆಲೆ. ಉದ್ದದ ಲೆನ್ಸ್ ಹೂವಿನ ಹಿಂದೆ ಕಿರಿದಾದ ತುಂಡನ್ನಷ್ಟೇ ನೋಡುತ್ತದೆ. ಹಿಂದೆ ಬಿಸಿಲಿನ ಚುಕ್ಕೆ ಇದ್ದರೆ ನಾಲ್ಕು ಬೆರಳು ಸರಿದರೂ ಮಾಯ. 60 ಎಂಎಂನಲ್ಲಿ ಅದೇ ಚುಕ್ಕೆ ತಪ್ಪಿಸಲು ಹೂವನ್ನೇ ಸುತ್ತಬೇಕಾಗುತ್ತದೆ. ಒಂದೇ ಮ್ಯಾಕ್ರೋ ಲೆನ್ಸ್ ಅಂದರೆ ನಾನು ಹೇಳುವುದು 90ರಿಂದ 105 ಎಂಎಂ. ಕೈಯಲ್ಲಿ ಹಿಡಿಯಲೂ ಆಗುತ್ತದೆ, ಹಿನ್ನೆಲೆಯೂ ಶಾಂತವಾಗಿರುತ್ತದೆ.

ಆದರೆ ಈಗಲೇ ಕೊಳ್ಳಬೇಕು ಅಂತೇನಿಲ್ಲ. ಕೈಯಲ್ಲಿ 50 ಎಂಎಂ ಇದ್ದರೆ 25 ಎಂಎಂ ಎಕ್ಸ್‌ಟೆನ್ಷನ್ ಟ್ಯೂಬ್ ಹಾಕಿ. ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಕೂರುವ, ಒಳಗೆ ಗಾಜೇ ಇಲ್ಲದ ಖಾಲಿ ಕೊಳವೆ ಅದು, ಆದರೂ ಹೂವನ್ನು ಸೆನ್ಸರ್ ಮೇಲೆ ಅರ್ಧ ಅಳತೆಗೆ ತರುತ್ತದೆ. ದೂರದ್ದು ಮಾತ್ರ ಫೋಕಸ್ ಆಗುವುದಿಲ್ಲ. 70–300 ಝೂಮ್ ಇರುವವರಿಗೆ, ಲೆನ್ಸಿನ ಮುಂದೆ ಹಾಕುವ ಭೂತಗನ್ನಡಿಯಂಥ ಕ್ಲೋಸ್‌ಅಪ್ ಫಿಲ್ಟರ್ ಒಳ್ಳೆಯದು. +2 ಶಕ್ತಿಯ ಫಿಲ್ಟರ್ ಹಾಕಿ ಫೋಕಸನ್ನು ಇನ್‌ಫಿನಿಟಿಗೆ ಇಟ್ಟರೆ, ಝೂಮ್ ಎಷ್ಟೇ ಇರಲಿ, ಅರ್ಧ ಮೀಟರ್ ದೂರದ್ದು ಸ್ಪಷ್ಟ ಕಾಣುತ್ತದೆ. 300 ಎಂಎಂನಲ್ಲಿ ಅರ್ಧ ಅಳತೆಗಿಂತಲೂ ದೊಡ್ಡದಾಗಿ ಸಿಗುತ್ತದೆ, 50 ಎಂಎಂನಲ್ಲಿ ಅದೇ ಫಿಲ್ಟರ್ ಹತ್ತರಲ್ಲಿ ಒಂದು ಪಾಲೂ ಮೀರುವುದು ಕಷ್ಟ. ಒಂದೇ ಗಾಜಿನ ಫಿಲ್ಟರ್ ಬೇಡ, ಅಂಚಿನಲ್ಲಿ ಬಣ್ಣ ಒಡೆಯುತ್ತದೆ. ಎರಡು ಗಾಜು ಜೋಡಿಸಿದ್ದನ್ನೇ ಹುಡುಕಿ.

ಗಾಳಿಯನ್ನು ಮರೆಯಬೇಡಿ. 1 ಮಿಲಿಮೀಟರ್ ಆಳದಲ್ಲಿ ಕೆಲಸ ಮಾಡುವಾಗ ಹೂವು ಎರಡು ಮಿಲಿಮೀಟರ್ ತೂಗಿದರೆ ಮುಗಿಯಿತು. ಶಟರ್ ವೇಗ 1/250 ಸೆಕೆಂಡಿಗಿಂತ ಇಳಿಯದ ಹಾಗೆ ನೋಡಿಕೊಳ್ಳಿ, ಅದಕ್ಕಾಗಿ ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ, ಅಂದರೆ ಐಎಸ್‌ಒ 800, 1600ಕ್ಕೆ ಏರಿದರೂ ಪರವಾಗಿಲ್ಲ. ತುಂಬ ಹತ್ತಿರ ಇದ್ದಾಗ ಆಟೋಫೋಕಸ್ ಸುಮ್ನೆ ಹಿಂದೆ ಮುಂದೆ ಓಡಾಡುತ್ತದೆ. ನಾನು ಅದನ್ನು ಆಫ್ ಮಾಡಿ, ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ತೂಗುತ್ತಾ, ಬೇಕಾದ ಜಾಗ ಚುರುಕಾದ ಕ್ಷಣಕ್ಕೆ ಮೂರು ನಾಲ್ಕು ಫೋಟೊ ಒಟ್ಟಿಗೆ ತೆಗೆಯುತ್ತೇನೆ.

ಗಾಳಿಯೇ ಇಲ್ಲದ ಒಳಾಂಗಣದಲ್ಲಿ ಮಾತ್ರ ದಾಸವಾಳವನ್ನು ಎದುರಿನಿಂದಲೂ ಪೂರ್ತಿ ಶಾರ್ಪ್ ತೆಗೆಯಬಹುದು. ಟ್ರೈಪಾಡ್ ಹಾಕಿ, ಎಫ್/5.6 ಇಟ್ಟು, ತುದಿಯಿಂದ ಶುರುಮಾಡಿ ಫೋಕಸನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಸರಿಸುತ್ತಾ ಫೋಟೊಗಳ ಸಾಲು ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಸ್ಟ್ಯಾಕ್ ಮಾಡಬೇಕು, ಅಂದರೆ ಪ್ರತಿಯೊಂದರ ಶಾರ್ಪ್ ಭಾಗವನ್ನು ಒಂದೇ ಚಿತ್ರಕ್ಕೆ ಸೇರಿಸಬೇಕು. ಮೊದಲ ಫೋಟೊವನ್ನು ತುದಿಗಿಂತ ಸ್ವಲ್ಪ ಮುಂದೆ ಫೋಕಸ್ ಇಟ್ಟೇ ತೆಗೆಯಿರಿ. ಆ ಐದು ಗುಂಡುತಲೆಗಳಲ್ಲಿ ಒಂದು ತಪ್ಪಿಹೋದರೂ ಆಮೇಲೆ ಸೇರಿಸಲು ಬರುವುದಿಲ್ಲ.