ಯುಪಿಎಸ್‌ಸಿ ಸಂದರ್ಶನವನ್ನು ಕನ್ನಡದಲ್ಲೇ ಎದುರಿಸಬಹುದೇ? ಸಿದ್ಧತೆ ಹೇಗಿರಬೇಕು?

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯವನು, ಕೃಷಿ ಪದವೀಧರ. ನಾಗರಿಕ ಸೇವಾ ಪರೀಕ್ಷೆಗೆ ಓದುತ್ತಿದ್ದೇನೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದರಿಂದ ಇಂಗ್ಲಿಷಿನಲ್ಲಿ ಮಾತನಾಡುವಾಗ ತಡವರಿಸುತ್ತೇನೆ. ಸಂದರ್ಶನವನ್ನು ಕನ್ನಡದಲ್ಲಿ ಕೊಡಬಹುದೇ? ಅದಕ್ಕೆ ಹೇಗೆ ಸಿದ್ಧನಾಗಲಿ?

ಉತ್ತರ: ಖಂಡಿತ ಕೊಡಬಹುದು. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರು ಸಂದರ್ಶನಕ್ಕೆ ಕನ್ನಡ, ಹಿಂದಿ ಅಥವಾ ಇಂಗ್ಲಿಷನ್ನು ಆರಿಸಿಕೊಳ್ಳಬಹುದು. ಇಂಗ್ಲಿಷಿನಲ್ಲಿ ಬರೆದವರಿಗೂ, ಕಡ್ಡಾಯ ಭಾರತೀಯ ಭಾಷಾ ಪತ್ರಿಕೆಯಾಗಿ ಕನ್ನಡವನ್ನು ತೆಗೆದುಕೊಂಡಿದ್ದರೆ, ಈ ಅವಕಾಶವಿದೆ. ಭಾಷೆಯ ಆಯ್ಕೆಯನ್ನು ಅರ್ಜಿಯ ಹಂತದಲ್ಲೇ ನಮೂದಿಸಬೇಕಾಗಿರುವುದರಿಂದ ಆಯಾ ವರ್ಷದ ಅಧಿಸೂಚನೆಯನ್ನು ನೀವೇ ಓದಿಕೊಳ್ಳಿ. ಗೆಳೆಯರ ಮಾತನ್ನು ನಂಬಿ ಅರ್ಜಿ ತುಂಬಬೇಡಿ. ಯಾವ ಭಾಷೆಯಲ್ಲಿ ನೀವು ಅನುಮಾನಿಸುತ್ತೀರಿ, ವಾದಿಸುತ್ತೀರಿ, ಒಂದು ನಿಲುವಿಗೆ ಬರುತ್ತೀರಿ ಎಂಬುದೇ ಈ ಆಯ್ಕೆಯನ್ನು ನಿರ್ಧರಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸಂದರ್ಶನಕ್ಕೆ ಕೇಂದ್ರ ಲೋಕಸೇವಾ ಆಯೋಗ (ಯುಪಿಎಸ್‌ಸಿ) ಇಟ್ಟಿರುವ ಹೆಸರು ವ್ಯಕ್ತಿತ್ವ ಪರೀಕ್ಷೆ. ಒಟ್ಟು 2025 ಅಂಕಗಳಲ್ಲಿ ಇದಕ್ಕೆ 275. ಇದರಲ್ಲಿ ಇಂತಿಷ್ಟು ಅಂಕ ಪಡೆದೇ ತೀರಬೇಕೆಂಬ ನಿಯಮವಿಲ್ಲ. ಲಿಖಿತ ಪರೀಕ್ಷೆಯಲ್ಲಿ ಈಗಾಗಲೇ ಅಳೆದಿರುವ ಸಾಮಾನ್ಯ ಜ್ಞಾನವನ್ನು ಮತ್ತೆ ಅಳೆಯುವುದು ಇದರ ಉದ್ದೇಶವಲ್ಲ, ಇದು ಪಾಟೀಸವಾಲೂ ಅಲ್ಲ, ಗೊತ್ತಾದ ಗುರಿಯಿರುವ ಸಹಜ ಸಂಭಾಷಣೆ ಎಂದು ಅಧಿಸೂಚನೆಯೇ ಹೇಳುತ್ತದೆ. ಹೀಗಿದ್ದರೂ ಬಹಳಷ್ಟು ಅಭ್ಯರ್ಥಿಗಳು ಮುಖ್ಯ ಪರೀಕ್ಷೆ ಮುಗಿದ ಮೇಲೂ ಪ್ರಚಲಿತ ವಿದ್ಯಮಾನಗಳ ಪುಸ್ತಕಗಳಲ್ಲೇ ಮುಳುಗಿ, ಸಂದರ್ಶನ ಮಂಡಳಿಯ ಮುಂದಿರುವ ಮುಖ್ಯ ಕಾಗದವಾದ ತಮ್ಮದೇ ವಿವರವಾದ ಅರ್ಜಿಯನ್ನು ಮರೆತುಬಿಡುತ್ತಾರೆ. ಸಿದ್ಧತೆ ಆರಂಭವಾಗಬೇಕಾದದ್ದು ಆ ಅರ್ಜಿಯಿಂದಲೇ.

ನಿಮ್ಮ ಅರ್ಜಿಯನ್ನೇ ನೋಡೋಣ. ರಾಯಚೂರು ಎಂದಾಗ ಹಟ್ಟಿಯ ಚಿನ್ನದ ಗಣಿ, ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರ, ಅಶೋಕನ ಹೆಸರನ್ನೇ ಹೊತ್ತಿರುವ ಮಸ್ಕಿಯ ಶಾಸನ, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ನೀಡುವ ಸಂವಿಧಾನದ 371ಜೆ ವಿಧಿ ಎಲ್ಲವೂ ನೆನಪಿಗೆ ಬರುತ್ತವೆ, ಇವುಗಳ ಪರಿಚಯ ನಿಮಗೆ ಇದ್ದೇ ಇರುತ್ತದೆ. ಆದರೆ ಪ್ರಶ್ನೆ ಅಷ್ಟಕ್ಕೆ ನಿಲ್ಲುವುದಿಲ್ಲ. ‘ನೀವು ಕೃಷಿ ಪದವೀಧರರು. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಬೆಳೆಯುತ್ತಾರೆ, ಕೊನೆಯ ಭಾಗದ ರೈತರಿಗೆ ನೀರು ತಲುಪುವುದಿಲ್ಲ. ನೀವು ಜಿಲ್ಲಾಧಿಕಾರಿಯಾದರೆ ಏನು ಮಾಡುತ್ತೀರಿ?’ ಎಂದು ಕೇಳಿದರೆ, ‘ರೈತರಲ್ಲಿ ಜಾಗೃತಿ ಮೂಡಿಸುತ್ತೇನೆ’ ಎಂಬುದು ಯಾರು ಬೇಕಾದರೂ ಹೇಳಬಹುದಾದ ಉತ್ತರ. ಕಾಲುವೆಯ ಮೇಲ್ಭಾಗದ ಅಕ್ರಮ ಪಂಪ್‌ಸೆಟ್‌ಗಳನ್ನು ನೀರಾವರಿ, ಕಂದಾಯ, ಪೊಲೀಸ್ ಮತ್ತು ವಿದ್ಯುತ್ ಸಂಸ್ಥೆಯ ಸಿಬ್ಬಂದಿ ಒಟ್ಟಾಗಿ ತೆರವುಗೊಳಿಸುವುದು, ಸರದಿಯಂತೆ ನೀರು ಹರಿಸುವ ದಿನಗಳನ್ನು ಮೊದಲೇ ಪ್ರಕಟಿಸುವುದು, ಕೊನೆಯ ಭಾಗದ ಗೇಜ್‌ನ ಮಟ್ಟವನ್ನು ದಿನವೂ ದಾಖಲಿಸಿ ಎಲ್ಲರಿಗೂ ಕಾಣುವಂತೆ ಇಡುವುದು, ಇವುಗಳನ್ನು ಹೇಳಿ, ಭತ್ತ ಬಿಟ್ಟು ಬೇರೆ ಬೆಳೆಗೆ ಬರುವ ರೈತನಿಗೆ ಮಾರುಕಟ್ಟೆಯ ಭರವಸೆಯಿಲ್ಲದಿದ್ದರೆ ನಿಯಮವೊಂದರಿಂದಲೇ ಬೆಳೆ ಪದ್ಧತಿ ಬದಲಾಗದು ಎಂದೂ ಒಪ್ಪಿಕೊಂಡರೆ, ಆ ಉತ್ತರದಲ್ಲಿ ಆಡಳಿತಗಾರನ ವಿವೇಚನೆ ಕಾಣುತ್ತದೆ. ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ 2024ರ ಆಗಸ್ಟ್‌ನಲ್ಲಿ ಕೊಚ್ಚಿಹೋದದ್ದರಿಂದ ಹಳೆಯ ಅಣೆಕಟ್ಟೆಗಳ ಸುರಕ್ಷತೆಯ ಪ್ರಶ್ನೆಯೂ ಇದರ ಬೆನ್ನಿಗೇ ಬರಬಹುದು. ಅರ್ಜಿಯ ಪ್ರತಿಯೊಂದು ಪದದಿಂದಲೂ ಹೀಗೆ ಎರಡು ಮೂರು ಹೆಜ್ಜೆ ಮುಂದಕ್ಕೆ ಯೋಚಿಸಿಕೊಂಡು ಹೋಗುವುದೇ ನಿಜವಾದ ತಯಾರಿ. ಹವ್ಯಾಸದ ಕಾಲಂನಲ್ಲಿ, ದಯವಿಟ್ಟು, ನೀವು ನಿಜವಾಗಿ ಮಾಡುವುದನ್ನೇ ಬರೆಯಿರಿ.

ಕನ್ನಡವನ್ನು ಆರಿಸಿಕೊಂಡರೆ ದುಭಾಷಿಯ ಮೂಲಕ ಮಾತನಾಡುವುದನ್ನೂ ಕಲಿಯಬೇಕು, ಇದನ್ನು ಅಭ್ಯಾಸ ಮಾಡುವವರು ಕಡಿಮೆ. ಸಂದರ್ಶನಕ್ಕೆ ಸಿಗುವ ಸಮಯ ಸುಮಾರು ಅರ್ಧ ಗಂಟೆ, ಅನುವಾದಕ್ಕೂ ಅದರಲ್ಲೇ ಪಾಲು ಹೋಗುತ್ತದೆ. ಆದ್ದರಿಂದ ಮುಖ್ಯ ಮಾತನ್ನು ಮೊದಲ ವಾಕ್ಯದಲ್ಲೇ ಹೇಳಿ, ಎರಡು ಮೂರು ವಾಕ್ಯಗಳಿಗೊಮ್ಮೆ ನಿಲ್ಲಿಸಿ. ಇಂಗ್ಲಿಷಿಗೆ ತಿರುಗಿಸುವಾಗ ಅರ್ಥ ಕೆಡುವ ಗಾದೆಮಾತುಗಳನ್ನು ಬಿಡಿ, ಜಿಎಸ್‌ಟಿ, ಬಜೆಟ್, ಟೆಂಡರ್ ಮುಂತಾದ ರೂಢಿಯ ಪದಗಳನ್ನು ಹಾಗೆಯೇ ಬಳಸಿ. ಇಂಗ್ಲಿಷ್ ಬಲ್ಲ ಗೆಳೆಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಮ್ಮ ಉತ್ತರವನ್ನು ಅವರು ಅಲ್ಲೇ ಅನುವಾದಿಸುವಂತೆ ಮಾಡಿದರೆ, ನಿಮ್ಮ ಯಾವ ವಾಕ್ಯ ಗೋಜಲಾಗಿದೆ ಎಂಬುದು ಕೂಡಲೇ ತಿಳಿಯುತ್ತದೆ.

ಅಣಕು ಸಂದರ್ಶನಗಳು ಬೇಕು, ಆದರೆ ಅತಿಯಾದರೆ ಉತ್ತರಗಳು ಬಾಯಿಪಾಠದಂತೆ ಕೇಳಿಸತೊಡಗುತ್ತವೆ. ನಿಮ್ಮನ್ನು ಈ ಮೊದಲು ನೋಡಿಯೇ ಇರದ ಒಬ್ಬ ನಿವೃತ್ತ ಅಧಿಕಾರಿ ಮತ್ತು ಒಬ್ಬ ಅಧ್ಯಾಪಕರು ನಿಮ್ಮ ಅರ್ಜಿಯನ್ನು ಓದಿ ಪ್ರಶ್ನೆ ಕೇಳಿದರೆ ಅದರಿಂದ ಹೆಚ್ಚು ಪ್ರಯೋಜನ. ಉತ್ತರ ಗೊತ್ತಿಲ್ಲದಿದ್ದಾಗ ‘ಕ್ಷಮಿಸಿ ಸರ್, ಈ ವಿಷಯ ನನಗೆ ತಿಳಿದಿಲ್ಲ’ ಎಂದು ಕ್ಷಣವೂ ತಡಮಾಡದೆ ಹೇಳುವುದನ್ನೂ ಅವರೆದುರೇ ಅಭ್ಯಾಸ ಮಾಡಿಕೊಳ್ಳಿ.