ರೊಪ್ಪದ ಮದ್ದು, ಮಿದುಳಿನ ಬಾಗಿಲು

ಚಳ್ಳಕೆರೆ ಸೀಮೆಯ ಕುರಿ ರೊಪ್ಪಗಳಿಗೆ ಐವರ್ಮೆಕ್ಟಿನ್ ಹೊಸದಲ್ಲ. ಕುರಿಯನ್ನು ಎರಡು ಮೊಣಕಾಲುಗಳ ನಡುವೆ ಅಮುಕಿ ಹಿಡಿದು, ಉಣ್ಣೆ ಸರಿಸಿ, ಚರ್ಮ ಎತ್ತಿ ಸೂಜಿ ಚುಚ್ಚುತ್ತಾರೆ. ಕೆ.ಜಿ. ತೂಕಕ್ಕೆ 0.2 ಮಿಲಿಗ್ರಾಂ. ಹೊಟ್ಟೆಯ ಜಂತುಗಳೂ ಕಜ್ಜಿಯ ನುಸಿಗಳೂ ನರ ಸೋತು ಸಾಯುತ್ತವೆ; ಕುರಿ ಮೈ ಕೊಡವಿಕೊಂಡು ಮಂದೆ ಸೇರುತ್ತದೆ. ನರಕ್ಕೇ ಹೊಡೆಯುವ ಮದ್ದು ಕುರಿಯ ಮಿದುಳನ್ನು ಮಾತ್ರ ಬಿಟ್ಟದ್ದು ಹೇಗೆ?

ಉತ್ತರ ಸಿಕ್ಕಿದ್ದು ಕ್ಯಾನ್ಸರ್ ಪ್ರಯೋಗಾಲಯದಲ್ಲಿ, ಅದೂ ನುಸಿಗಳ ದೆಸೆಯಿಂದ. ಆಮ್‌ಸ್ಟರ್‌ಡ್ಯಾಮಿನ ನೆದರ್ಲೆಂಡ್ಸ್ ಕ್ಯಾನ್ಸರ್ ಸಂಸ್ಥೆಯಲ್ಲಿ ಆಲ್ಫ್ರೆಡ್ ಸ್ಕಿಂಕೆಲ್ ಮತ್ತು ಸಂಗಡಿಗರು ‘ಪಿ-ಗ್ಲೈಕೋಪ್ರೋಟೀನ್’ ಎಂಬ ಪ್ರೋಟೀನಿನ ಜೀನನ್ನು ತೆಗೆದುಹಾಕಿದ ಇಲಿಗಳನ್ನು ಸಾಕಿದ್ದರು. ಇಲಿಗಳಿಗೆ ನುಸಿ ಹತ್ತಿತು. ಐವರ್ಮೆಕ್ಟಿನ್ ಸಿಂಪಡಿಸಿದರು. ಸಾಮಾನ್ಯ ಇಲಿಗಳು ಉಳಿದವು; ಜೀನ್ ಇಲ್ಲದವು ಸತ್ತವು. ಅವುಗಳ ಮಿದುಳಿನಲ್ಲಿ ಮದ್ದು ಸುಮಾರು 90 ಪಟ್ಟು ಹೆಚ್ಚು ಸೇರಿಕೊಳ್ಳುತ್ತಿತ್ತು. 1994ರಲ್ಲಿ ಇದು ಪ್ರಕಟವಾಯಿತು. ಸ್ಕಾಟ್ಲೆಂಡಿನ ಕುರಿಗಾಹಿಗಳ ಕೋಲಿ ನಾಯಿಗಳಲ್ಲಿ ಹಲವು ಇದೇ ಮದ್ದಿಗೆ ತೂರಾಡಿ ಪ್ರಜ್ಞೆ ತಪ್ಪುವುದೇಕೆ ಎಂಬುದೂ 2001ರಲ್ಲಿ ತಿಳಿಯಿತು: ಅದೇ ಜೀನಿನಲ್ಲಿ ನಾಲ್ಕೇ ನಾಲ್ಕು ಅಕ್ಷರ ಬಿಟ್ಟುಹೋಗಿದ್ದವು.

ಈ ಪ್ರೋಟೀನ್ ಜೀವಕೋಶದ ಪೊರೆಯಲ್ಲಿ ಕುಳಿತ ಒಂದು ಪಂಪ್; ಮಿದುಳಿನ ರಕ್ತನಾಳಗಳ ಗೋಡೆಯಲ್ಲಿ ಇದರದೇ ಕಾವಲು. ಎಟಿಪಿ ಎಂಬ ಇಂಧನ ಉರಿಸಿ, ಒಳನುಸುಳಿದ ಅಣುವನ್ನು ಹಿಡಿದು ಹೊರಗೆಸೆಯುತ್ತದೆ. ಚಿತ್ರದುರ್ಗದವರ ನಾಲಿಗೆಗೆ ತಟ್ಟನೆ ಬರುವುದು ಓಬವ್ವನ ಕಿಂಡಿ. ನನಗೂ ಬಂದಿತ್ತು, ಆದರೆ ಹೊಂದುವುದಿಲ್ಲ. ಓಬವ್ವ ಕೊಂದಳು, ಪಂಪ್ ಮದ್ದನ್ನು ಮುರಿಯುವುದೂ ಇಲ್ಲ, ಕರಗಿಸುವುದೂ ಇಲ್ಲ. ಹೊರಬಿದ್ದ ಅಣು ರಕ್ತದಲ್ಲಿ ಸುತ್ತಿ ಇನ್ನೊಂದು ಅಂಗದ ಬಾಗಿಲು ತಟ್ಟುತ್ತದೆ. ರಕ್ತಪರೀಕ್ಷೆಯಲ್ಲಿ ಮದ್ದು ಧಾರಾಳವಾಗಿ ಕಂಡರೂ ಬೇಕಾದ ಜಾಗದಲ್ಲಿ ಅದು ಇಲ್ಲದಿರಬಹುದು.

ನಮ್ಮ ಅಂಗಳದ ನಿತ್ಯಪುಷ್ಪವನ್ನೇ ನೋಡಿ. ಅದರ ವಿನ್‌ಬ್ಲಾಸ್ಟಿನ್ ಹಳೆಯ ಕ್ಯಾನ್ಸರ್ ಮದ್ದು. ಪಂಪ್ ಇಲ್ಲದ ಇಲಿಗಳ ಮಿದುಳಿನಲ್ಲಿ ಅದೂ ಸುಮಾರು 20 ಪಟ್ಟು ಹೆಚ್ಚು ಸಿಕ್ಕಿತು. ರಕ್ತದ ಕ್ಯಾನ್ಸರಿನ ಒಂದು ಬಗೆಗೆ ವರವಾಗಿ ಬಂದ ಇಮ್ಯಾಟಿನಿಬ್ ಮಾತ್ರೆಯ ಕಥೆ ಇನ್ನೂ ಕಠಿಣ. ಮಿದುಳಿನ ಸುತ್ತಲ ದ್ರವದಲ್ಲಿ ಅದು ರಕ್ತದಲ್ಲಿರುವುದರ ನೂರನೆಯ ಒಂದು ಪಾಲಿನಷ್ಟೇ. ರಕ್ತ ತಿಳಿಯಾಗಿದ್ದಾಗಲೇ ರೋಗ ಮಿದುಳಿನ ಪೊರೆಗಳಲ್ಲಿ ತಲೆಯೆತ್ತಿದ ರೋಗಿಗಳಿದ್ದಾರೆ. ಅಲ್ಲಿ ಕಾವಲಿಗೆ ಬಿಸಿಆರ್‌ಪಿ ಎಂಬ ಇನ್ನೊಂದು ಪಂಪೂ ಇದೆ. ಒಂದು ಕೈಕೊಟ್ಟರೆ ಇನ್ನೊಂದು ನಿಭಾಯಿಸುತ್ತದೆ.

ಕರುಳು, ಪಿತ್ತಜನಕಾಂಗ, ಮೂತ್ರಪಿಂಡ, ಗರ್ಭದ ಮಾಸು, ಎಲ್ಲೆಡೆ ಈ ಪಂಪುಗಳಿವೆ. ದಾವಣಗೆರೆಯ ಕೀಮೋ ವಾರ್ಡಿನಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಬಾಟಲಿ ಹನಿಹನಿಯಾಗಿ ಮೂರು ಗಂಟೆ ಇಳಿಯುವಾಗ ಪಕ್ಕದ ಸ್ಟೂಲಿನಲ್ಲಿ ಕುಳಿತವರು ‘ಇದನ್ನೇ ಮಾತ್ರೆಯಲ್ಲಿ ಕೊಡಬಾರದೇ?’ ಎನ್ನುತ್ತಾರೆ. ನ್ಯಾಯವಾದ ಪ್ರಶ್ನೆ. ನುಂಗಿದರೆ ಕರುಳಿನ ಗೋಡೆಯ ಪಂಪ್ ಅದರಲ್ಲಿ ಬಹಳಷ್ಟನ್ನು ಕರುಳಿಗೇ ಮರಳಿಸುತ್ತದೆ; ದಾಟಿದ್ದರಲ್ಲಿ ಒಂದಷ್ಟನ್ನು ಪಿತ್ತಜನಕಾಂಗ ಕತ್ತರಿಸುತ್ತದೆ.

ಹಾಗಾದರೆ ಪಂಪನ್ನೇ ಕಟ್ಟಿಹಾಕಬಹುದಲ್ಲ? ವರ್ಷಗಟ್ಟಲೆ ಪ್ರಯತ್ನಿಸಿದರು. ವಾಲ್ಸ್‌ಪೊಡಾರ್, ಟಾರಿಕ್ವಿಡಾರ್‌ನಂಥವು ಗೆಡ್ಡೆಯ ಕೋಶಗಳ ಪಂಪನ್ನು ನಿಲ್ಲಿಸಲು ಬಂದವು. ಆದರೆ ಪಂಪ್ ಗೆಡ್ಡೆಯ ಸ್ವತ್ತಲ್ಲ. ಅದನ್ನು ತಡೆದಾಗ ಕೀಮೋ ಮದ್ದು ದೇಹದಿಂದ ಹೊರಹೋಗುವುದೂ ನಿಧಾನವಾಯಿತು, ವಿಷ ಏರಿತು, ಡೋಸ್ ತಗ್ಗಿಸಬೇಕಾಯಿತು. ರೋಗಿಗಳಿಗೆ ದಕ್ಕಿದ್ದು ಅಷ್ಟಕ್ಕಷ್ಟೆ.

ಈಗಿನ ಜಾಣತನ ಬೇರೆ: ಪಂಪಿನ ಕೈಗೆ ಸಿಗದ ಅಣುವನ್ನೇ ಕಟ್ಟುವುದು. ಶ್ವಾಸಕೋಶದಿಂದ ಮಿದುಳಿಗೆ ಹರಡುವ ಒಂದು ಬಗೆಯ ಕ್ಯಾನ್ಸರಿಗೆಂದು 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಲಾರ್ಲಾಟಿನಿಬ್ ಹೀಗೆ ಬಳೆಯಂತೆ ಬಾಗಿಸಿ ಕಟ್ಟಿದ ಪುಟ್ಟ ಅಣು. ಅದು ಮಿದುಳನ್ನು ಹೊಗುತ್ತದೆ, ಅಲ್ಲಿನ ಗೆಡ್ಡೆಗಳನ್ನು ಕುಗ್ಗಿಸುತ್ತದೆ. ಹೊಕ್ಕಮೇಲೆ ಕೆಲವು ರೋಗಿಗಳಿಗೆ ಮರೆವು, ಮನಸ್ಸಿನ ಏರುಪೇರು, ಅಪರೂಪಕ್ಕೆ ಇಲ್ಲದ್ದು ಕಾಣುವುದು. ಆಗ ವೈದ್ಯರು ಕೆಲವು ದಿನ ಮಾತ್ರೆ ನಿಲ್ಲಿಸಿ, ಡೋಸ್ ಇಳಿಸಿ ಮತ್ತೆ ಶುರುಮಾಡುತ್ತಾರೆ.